ಟೆಕ್ಸಸ್ ರೇಂಜರ್ಸ್ ಬಗ್ಗೆ ಮಗಳಿಗೆ ಏನು ಹೇಳಲಿ?

ಡಲ್ಲಾಸ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಈಗ ಏಳನೇ ತರಗತಿ. ಇಲ್ಲಿ ಏಳನೇ ತರಗತಿಯಲ್ಲಿ ಟೆಕ್ಸಸ್ ಇತಿಹಾಸ ಓದಿಸುತ್ತಾರೆ. ಅವಳಿಗೆ ಪ್ರಾಜೆಕ್ಟಿಗೆ ಬಂದಿರುವ ವಿಷಯ ಟೆಕ್ಸಸ್ ರೇಂಜರ್ಸ್. ಬೇಸ್‌ಬಾಲ್ ತಂಡ ಅಲ್ಲ, ಆ ತಂಡಕ್ಕೆ ಹೆಸರು ಕೊಟ್ಟ ಪೊಲೀಸ್ ಪಡೆ.

ಹೋದ ಶನಿವಾರ ವೇಕೋದಲ್ಲಿರುವ ಅವರ ಮ್ಯೂಸಿಯಂಗೆ ಹೋಗಿದ್ದೆವು. ಗಾಜಿನ ಪೆಟ್ಟಿಗೆಗಳಲ್ಲಿ ಸಾಲು ಸಾಲು ಬಂದೂಕು, ಪಿಸ್ತೂಲು. ಮಗಳ ಕಣ್ಣಿಗೆ ಬಿದ್ದಿದ್ದು ಮಾತ್ರ ಅವರ ಬ್ಯಾಡ್ಜು. ಚಕ್ರದೊಳಗೆ ನಕ್ಷತ್ರ ಇರುತ್ತಲ್ಲ, ಅದು. ಅದನ್ನು ಮೆಕ್ಸಿಕೋದ ಐದು ಪೆಸೊ ಬೆಳ್ಳಿ ನಾಣ್ಯ ಕೊರೆದು ಮಾಡುತ್ತಾರಂತೆ. "ಅಮ್ಮಾ, ಮೆಕ್ಸಿಕೋದವರ ಜೊತೆನೇ ಜಗಳ ಆಡಿದ್ದಲ್ವಾ, ಮತ್ತೆ ಅವರ ನಾಣ್ಯ ಯಾಕೆ ಎದೆ ಮೇಲೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೋಮವಾರ ಅವಳ ಗೆಳತಿ ಮನೆಗೆ ಬಂದಿದ್ದಳು. ಅವರದು ಮೂಲತಃ ಗಡಿ ಕಡೆಯ ಮೆಕ್ಸಿಕನ್ ಕುಟುಂಬ, ನಾಲ್ಕೈದು ತಲೆಮಾರಿನಿಂದ ಇಲ್ಲೇ ಇದ್ದಾರೆ. ಅವಳು ಹೇಳಿದ ಮಾತು: "ನಮ್ಮಜ್ಜಿ ಅವರನ್ನು ರೇಂಜರ್ ಅನ್ನೋದಿಲ್ಲ, ರಿಂಚೆ ಅಂತಾರೆ. ಅದು ಕೆಟ್ಟ ಮಾತು." ಇಬ್ಬರೂ ಮಕ್ಕಳು ನನ್ನ ಮುಖ ನೋಡಿದರು. ಮ್ಯೂಸಿಯಂನಲ್ಲಿ ಕಂಡಿದ್ದು ಸುಳ್ಳಾ, ಅಜ್ಜಿ ಹೇಳೋದು ಸುಳ್ಳಾ? ಗೊತ್ತಿರುವವರು ದಯವಿಟ್ಟು ಹೇಳಿ. ಅವಸರ ಇಲ್ಲ, ಎರಡು ವಾರ ಟೈಮ್ ಇದೆ.

ರೌಂಡ್‌ರಾಕ್ ರಂಗಣ್ಣ

ಅಕ್ಕಾ, ಎರಡೂ ಸುಳ್ಳಲ್ಲ. ಮೊದಲು ಹಿನ್ನೆಲೆ ಹೇಳುತ್ತೇನೆ.

1823ರಲ್ಲಿ ಟೆಕ್ಸಸ್ ಅಂದರೆ ಮೆಕ್ಸಿಕೋ ದೇಶದ ಒಂದು ಭಾಗ. ಅಲ್ಲಿಗೆ ಅಮೆರಿಕದ ಬಿಳಿಯರನ್ನು ಕರೆತಂದು ಊರು ಕಟ್ಟಿಸುತ್ತಿದ್ದವನು ಸ್ಟೀಫನ್ ಆಸ್ಟಿನ್. ಕಾವಲಿಗೆ ಅಂತ ಹತ್ತು ಜನರನ್ನು ತನ್ನ ಖರ್ಚಿನಲ್ಲೇ ಇಟ್ಟುಕೊಳ್ಳುತ್ತೇನೆ ಅಂತ ಬರೆದ. ಅದೇ ಶುರು ಅನ್ನುತ್ತಾರೆ. ಅಂದರೆ ಈ ಪಡೆ ಹುಟ್ಟಿದ್ದೇ ಮೆಕ್ಸಿಕೋ ನೆಲದಲ್ಲಿ. 1835ರಲ್ಲಿ ಅಧಿಕೃತ ಪಡೆ ಆಯಿತು. ದಿನಕ್ಕೆ ಒಂದೂಕಾಲು ಡಾಲರ್ ಸಂಬಳ. ಕುದುರೆ, ಬಂದೂಕು ಎಲ್ಲ ಅವರವರದೇ. ಸಮವಸ್ತ್ರ ಇಲ್ಲ. ನಾಯಕನನ್ನೂ ಅವರೇ ಆರಿಸಿಕೊಳ್ಳುತ್ತಿದ್ದರು. ಪೊಲೀಸ್ ಅನ್ನೋದಕ್ಕಿಂತ ಊರ ಕಾವಲಿನ ದಂಡು ಅಂದರೆ ಸರಿ.

ವೇಕೋದಲ್ಲಿ ವಾಕರ್ ಕೋಲ್ಟ್ ಅನ್ನೋ ದೊಡ್ಡ ರಿವಾಲ್ವರ್ ನೋಡಿರಬೇಕು, ಹೆಚ್ಚುಕಡಿಮೆ ಎರಡು ಕಿಲೋ ತೂಕದ್ದು. ಅದರ ಗುಂಡು ತುಂಬುವ ಉರುಳೆ ಮೇಲೆ ಒಂದು ಚಿತ್ರ ಕೆತ್ತಿರುತ್ತಾರೆ. ಕುದುರೆ ಸವಾರರು ಇನ್ನೊಂದಷ್ಟು ಸವಾರರನ್ನು ಅಟ್ಟಿಸಿಕೊಂಡು ಹೋಗುತ್ತಿರುವ ಚಿತ್ರ. ಅದು 1844ರ ವಾಕರ್ಸ್ ಕ್ರೀಕ್ ಜಗಳ. ಜಾಕ್ ಹೇಸ್ ಅನ್ನೋ ಕ್ಯಾಪ್ಟನ್ ಹದಿನೈದು ಜನರನ್ನು ಕಟ್ಟಿಕೊಂಡು ಕೊಮಾಂಚಿ ಅನ್ನೋ ಮೂಲನಿವಾಸಿ ಬುಡಕಟ್ಟಿನ ದೊಡ್ಡ ಗುಂಪನ್ನು ಸೋಲಿಸಿದ. ಅಲ್ಲಿಯವರೆಗೆ ಬಂದೂಕಿಗೆ ಒಂದು ಸಲ ಗುಂಡು ತುಂಬುವಷ್ಟರಲ್ಲಿ ಕೊಮಾಂಚಿ ಸವಾರ ಹತ್ತಾರು ಬಾಣ ಬಿಡುತ್ತಿದ್ದ. ಐದು ಗುಂಡಿನ ರಿವಾಲ್ವರ್ ಬಂದ ಮೇಲೆ ಲೆಕ್ಕವೇ ಬದಲಾಯಿತು. ಗೆದ್ದವರು ತಮ್ಮ ಗೆಲುವನ್ನು ಆಯುಧದ ಮೇಲೇ ಕೆತ್ತಿಸಿದರು. ಮಗಳಿಗೆ ಆ ಚಿತ್ರ ತೋರಿಸಿ. ಈ ಕಥೆಯನ್ನು ಯಾರು ಹೇಳಿಕೊಂಡು ಬಂದರು ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

ಬಯಲುಸೀಮೆಯವ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಡಿಯಲ್ಲಿ ಮನೆ ಕಟ್ಟಿಕೊಂಡವರ ಕಷ್ಟವನ್ನೂ ನೋಡಬೇಕು. ರಾತ್ರಿ ಮನೆಗೆ ಬೆಂಕಿ ಬೀಳುತ್ತಿತ್ತು, ದಾಳಿ ಮಾಡಿದವರು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಹತ್ತಿರದಲ್ಲಿ ಸೈನ್ಯ ಇಲ್ಲ, ಕೋರ್ಟ್ ಇಲ್ಲ. 1874ರಲ್ಲಿ ಮೇಜರ್ ಜಾನ್ ಜೋನ್ಸ್ ಕೈಕೆಳಗೆ ಗಡಿ ಪಡೆ ಕಟ್ಟಿದ ಮೇಲೆ ಎಷ್ಟೋ ಕುಟುಂಬಗಳ ನಡುವಿನ ಹಗೆ ನಿಂತಿತು, ದನ ಕಳ್ಳತನ ಕಡಿಮೆಯಾಯಿತು. ಜಾನ್ ವೆಸ್ಲಿ ಹಾರ್ಡಿನ್ ಅನ್ನೋ ಕೊಲೆಗಾರನನ್ನು 1877ರಲ್ಲಿ ಫ್ಲಾರಿಡಾ ತನಕ ಹೋಗಿ ರೈಲಿನಲ್ಲಿ ಹಿಡಿದರು. ಮರುವರ್ಷ ರೈಲು ದರೋಡೆಕೋರ ಸ್ಯಾಮ್ ಬ್ಯಾಸ್. ರಂಗಣ್ಣ, ಅದು ನಿಮ್ಮ ಊರಲ್ಲೇ ಅಲ್ವಾ?

ಇನ್ನೂರು ವರ್ಷ ಹಿಂದಿನವರನ್ನು ಇವತ್ತಿನ ಕಣ್ಣಿನಿಂದ ಅಳೆಯೋದು ನ್ಯಾಯ ಅಲ್ಲ ಅಂತ ನನ್ನ ಅನಿಸಿಕೆ.

ರೌಂಡ್‌ರಾಕ್ ರಂಗಣ್ಣ

ಹೌದು, ನಮ್ಮೂರೇ. ನಾನು ದಿನಾ ಆಫೀಸಿಗೆ ಹೋಗೋ ರಸ್ತೆಯ ಹೆಸರೇ ಸ್ಯಾಮ್ ಬ್ಯಾಸ್ ರೋಡ್. ಹಿಡಿದವರ ಹೆಸರು ಊರಲ್ಲಿ ಯಾರಿಗೂ ನೆನಪಿಲ್ಲ.

ಓದುಗ ಮೇಷ್ಟ್ರು

ಬಯಲುಸೀಮೆಯವರ ಮಾತಿನಲ್ಲಿ ಸತ್ಯ ಇದೆ. ದಾಳಿಗಳು ನಿಜ, ಸತ್ತವರೂ ನಿಜ. ಆದರೆ ಅದು ಯಾರ ನೆಲ ಅಂತಲೂ ಕೇಳಬೇಕಲ್ವಾ. ಕೊಮಾಂಚಿಗಳು ಕಾಡೆಮ್ಮೆ ಬೇಟೆಯಾಡುತ್ತಿದ್ದ ಬಯಲಿನಲ್ಲೇ ಈ ಮನೆಗಳು ಎದ್ದಿದ್ದು. ಚೆರೋಕಿ ಅನ್ನೋ ಇನ್ನೊಂದು ಬುಡಕಟ್ಟಿನವರಂತೂ ಪೂರ್ವ ಟೆಕ್ಸಸ್‌ನಲ್ಲಿ ಹೊಲ ಮಾಡಿಕೊಂಡು ಇದ್ದ ಜನ. 1839ರಲ್ಲಿ ಅವರನ್ನೂ ಓಡಿಸಿದರು. ಇದರಲ್ಲಿ ಇನ್ನೊಂದು ಎಳೆಯೂ ಇದೆ. ಜಾಕ್ ಹೇಸ್ ಜೊತೆ ಲಿಪಾನ್ ಅಪಾಚೆ ಬುಡಕಟ್ಟಿನವರು ದಾರಿ ತೋರುತ್ತಾ ಕೊಮಾಂಚಿಗಳ ವಿರುದ್ಧ ಹೋರಾಡಿದ್ದರು. ಅಷ್ಟು ಮಾಡಿದ ಲಿಪಾನ್‌ರಿಗೂ ಆಮೇಲೆ ಟೆಕ್ಸಸ್‌ನಲ್ಲಿ ಜಾಗ ಉಳಿಯಲಿಲ್ಲ.

ಇನ್ನೊಂದು ಸಂಗತಿ ಮಕ್ಕಳ ಪುಸ್ತಕಗಳಲ್ಲಿ ಕಮ್ಮಿ ಕಾಣುತ್ತದೆ. ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ನಿಲ್ಲಿಸಿತ್ತು. ಟೆಕ್ಸಸ್‌ನ ಹತ್ತಿ ಹೊಲಗಳಿಂದ ತಪ್ಪಿಸಿಕೊಂಡವರು ಉತ್ತರಕ್ಕೆ ಓಡುತ್ತಿರಲಿಲ್ಲ, ದಕ್ಷಿಣಕ್ಕೆ, ರಿಯೊ ಗ್ರಾಂದೆ ನದಿ ದಾಟಿ ಓಡುತ್ತಿದ್ದರು. 1855ರಲ್ಲಿ ಕ್ಯಾಲಹನ್ ಅನ್ನೋ ರೇಂಜರ್ ಕ್ಯಾಪ್ಟನ್ ಪಡೆ ಕಟ್ಟಿಕೊಂಡು ನದಿ ದಾಟಿದ. ಅಪಾಚೆಗಳನ್ನು ಹಿಡಿಯಲು ಅಂತ ಹೇಳಿದ್ದರೂ ಓಡಿಹೋದ ಗುಲಾಮರನ್ನು ಹಿಡಿದು ತರುವ ಆಸೆಯೂ ಅದರ ಹಿಂದೆ ಇತ್ತು ಅಂತ ಇತಿಹಾಸಕಾರರು ಹೇಳುತ್ತಾರೆ. ಕೊನೆಗೆ ಪಿಯೆದ್ರಾಸ್ ನೇಗ್ರಾಸ್ ಊರಿಗೆ ಬೆಂಕಿ ಹಚ್ಚಿ ಹಿಂದಕ್ಕೆ ಬಂದರು.

ನಿವೃತ್ತ ಪಿಎಸ್‌ಐ

ನಾನು ಮೂವತ್ತು ವರ್ಷ ಖಾಕಿ ಹಾಕಿದವನು. ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಅಲ್ಲಿಗೆ ಹೋದಾಗ ಟಿವಿ ನೋಡಿ ನೋಡಿ ಬೇಜಾರಾಗಿ ಲೈಬ್ರರಿಯಲ್ಲಿ ಈ ರೇಂಜರ್‌ಗಳ ಬಗ್ಗೆ ಓದಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಸಾಲು. ಹಳೆಯ ವರದಿಗಳಲ್ಲಿ ಪದೇ ಪದೇ ಬರುತ್ತದೆ: ಆರೋಪಿ ತಪ್ಪಿಸಿಕೊಂಡು ಓಡಲು ಹೋದ, ಗುಂಡು ಹಾರಿಸಬೇಕಾಯಿತು. ಅಲ್ಲಿನ ಮೆಕ್ಸಿಕನ್ ಜನ ಇದಕ್ಕೆ ಹೆಸರೇ ಇಟ್ಟಿದ್ದಾರೆ, ಲೇ ಫೂಗಾ ಅಂತ. ಓಡಿಹೋಗುವ ಕಾನೂನು. ನಮ್ಮ ಕಡೆ ಏನಂತಾರೆ ಅಂತ ನಾನು ಹೇಳಬೇಕಾಗಿಲ್ಲ.

ಪೊಲೀಸ್ ಕೆಲಸದಲ್ಲಿ ಬಂದೂಕಿಗಿಂತ ದೊಡ್ಡದು ಸ್ಟೇಷನ್ ಡೈರಿ. ಯಾರನ್ನು ಎಷ್ಟು ಗಂಟೆಗೆ ಕರೆತಂದೆ, ಯಾರ ಎದುರು ಪಂಚನಾಮೆ ಮಾಡಿದೆ, ಯಾವಾಗ ಕೋರ್ಟಿಗೆ ಹಾಜರುಪಡಿಸಿದೆ. ಇವು ಬರೆದಿರದ ಕಡೆ ಒಳ್ಳೆಯ ಅಧಿಕಾರಿಯೂ ಕೆಟ್ಟುಹೋಗುತ್ತಾನೆ. ನಾನು ಕಣ್ಣಾರೆ ಕಂಡಿದ್ದೇನೆ. 1875ರಲ್ಲಿ ಮೆಕ್‌ನೆಲ್ಲಿ ಅನ್ನೋ ಕ್ಯಾಪ್ಟನ್ ದಕ್ಷಿಣ ಗಡಿಗೆ ಹೋದ. ಧೈರ್ಯಸ್ಥ, ಅದರಲ್ಲಿ ಎರಡು ಮಾತಿಲ್ಲ. ಕದ್ದ ದನಗಳನ್ನು ಮೆಕ್ಸಿಕೋ ಒಳಗೇ ನುಗ್ಗಿ ವಾಪಸ್ ತಂದ. ಆದರೆ ಸಿಕ್ಕಿಬಿದ್ದವರಿಗೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಿ ಆಮೇಲೆ ಮರಕ್ಕೆ ನೇತುಹಾಕಲು ಒಬ್ಬನನ್ನು ಜೊತೆಗೇ ಇಟ್ಟುಕೊಂಡಿದ್ದ. ಕೊಂದವರ ಹೆಣಗಳನ್ನು ಬ್ರೌನ್ಸ್‌ವಿಲ್ ಪೇಟೆ ಮಧ್ಯೆ ತಂದು ಹಾಕಿದ. ಇಂಥವನನ್ನು ಮಾದರಿ ಮಾಡಿಕೊಂಡ ಪಡೆಯಲ್ಲಿ ಮುಂದೆ ಬಂದ ಹುಡುಗರು ಏನು ಕಲಿತಾರು?

ವ್ಯಾಲಿಯ ಡಾಕ್ಟರಮ್ಮ

ನಾನು ಟೆಕ್ಸಸ್‌ನ ದಕ್ಷಿಣ ತುದಿಯ ಗಡಿ ಸೀಮೆಯಲ್ಲಿ, ಮೆಕ್ಯಾಲೆನ್ ಊರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಡಲ್ಲಾಸ್ ಅಮ್ಮ, ನಿಮ್ಮ ಮಗಳ ಗೆಳತಿಯ ಅಜ್ಜಿ ಹೇಳಿದ ರಿಂಚೆ ಪದ ನನಗೆ ಚೆನ್ನಾಗಿ ಗೊತ್ತು. ಬಿಪಿ ನೋಡುವಾಗ ಸುಮ್ನೆ ಮಾತಿಗೆ ಕೂತ ವಯಸ್ಸಾದ ರೋಗಿಗಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬೇರೆ ಯಾವ ಪದ ಹೇಳುವಾಗಲೂ ಅವರ ದನಿ ಹಾಗೆ ಇಳಿಯುತ್ತಿರಲಿಲ್ಲ.

ಆ ಸೀಮೆಗೆ 1904ರಲ್ಲಿ ರೈಲು ಬಂತು. ಅಲ್ಲಿಯ ತನಕ ಅದು ದನ ಮೇಯಿಸುವ ದೊಡ್ಡ ಜಮೀನುಗಳ ನಾಡು. ಎಷ್ಟೋ ಮನೆತನಗಳಿಗೆ ಸ್ಪೇನ್ ರಾಜರ ಕಾಲದ ಪತ್ರ ಇತ್ತು. ರೈಲು ಬಂದ ಮೇಲೆ ಉತ್ತರದಿಂದ ರೈತರು ಬಂದರು, ನೀರಾವರಿ ಬಂತು, ಭೂಮಿ ಬೆಲೆ ಏರಿತು. ಹಳಬರ ಕೈಯಿಂದ ಜಮೀನು ಜಾರಿತು. ಮೇಲಿಂದ 1910ರಿಂದ ನದಿಯ ಆಚೆ ದಡದ ಮೆಕ್ಸಿಕೋದಲ್ಲಿ ಕ್ರಾಂತಿ. 1915ರಲ್ಲಿ ಒಂದು ಗುಂಪು ಬಂಡೆದ್ದು ರೈಲು, ಸೇತುವೆ, ಜಮೀನುಗಳ ಮೇಲೆ ದಾಳಿ ಮಾಡಿತು, ಬಿಳಿಯರನ್ನು ಕೊಂದಿತು. ಅದೂ ನಿಜವೇ. ಅದಕ್ಕೆ ಉತ್ತರವಾಗಿ ರೇಂಜರ್‌ಗಳು ಮತ್ತು ಅವರ ಜೊತೆ ಸೇರಿದ ಸ್ಥಳೀಯರು ಮಾಡಿದ್ದಕ್ಕೆ ಅಲ್ಲಿನ ಜನ ಲಾ ಮತಾನ್ಸಾ ಅನ್ನುತ್ತಾರೆ. ಕಗ್ಗೊಲೆ. ಎಷ್ಟು ಜನ ಸತ್ತರು ಅನ್ನೋದಕ್ಕೆ ಒಬ್ಬೊಬ್ಬ ಇತಿಹಾಸಕಾರರದು ಒಂದೊಂದು ಅಂದಾಜು, ಕೆಲವು ನೂರರಿಂದ ಕೆಲವು ಸಾವಿರದ ತನಕ. ಲೆಕ್ಕ ಇಡುವ ಗೋಜಿಗೇ ಯಾರೂ ಹೋಗಿರಲಿಲ್ಲ.

ಒಂದು ಘಟನೆ ಹೇಳುತ್ತೇನೆ. 1915ರ ಸೆಪ್ಟೆಂಬರ್. ಹೆಸುಸ್ ಬಸಾನ್ ಅನ್ನೋ ಹಿರಿಯರು, ಅವರ ಅಳಿಯ ಅಂತೋನಿಯೊ ಲೊಂಗೋರಿಯಾ. ದಾಳಿಕೋರರು ಇವರ ಕುದುರೆ ಕದ್ದಿದ್ದರು. ಕಳ್ಳತನವಾದರೆ ನಾವೂ ನೀವೂ ಏನು ಮಾಡುತ್ತೇವೆ? ದೂರು ಕೊಡುತ್ತೇವೆ. ಅವರೂ ಅದನ್ನೇ ಮಾಡಿದರು. ಕುದುರೆ ಹತ್ತಿ ರೇಂಜರ್‌ಗಳ ಬಿಡಾರಕ್ಕೆ ಹೋಗಿ ಹೇಳಿದರು. ಹೇಳಿ, ನಿಧಾನಕ್ಕೆ ಮನೆ ಕಡೆ ಹೊರಟರು. ಕ್ಯಾಪ್ಟನ್ ಹೆನ್ರಿ ರ‍್ಯಾನ್ಸಮ್ ಮತ್ತು ಅವನ ಜನ ಕಾರಿನಲ್ಲಿ ಹಿಂದೆಯೇ ಬಂದು ಬೆನ್ನಿಗೆ ಗುಂಡು ಹೊಡೆದರು. ಹೂಳಬಾರದು ಅಂತ ಅಪ್ಪಣೆಯಾಯಿತು. ದಾರಿ ಪಕ್ಕದಲ್ಲಿ ಹೆಣಗಳು ಹಾಗೇ ಬಿದ್ದಿದ್ದವು. ಅಲ್ಲೇ ಜಮೀನಿನಲ್ಲಿ ಕೆಲಸಕ್ಕಿದ್ದ ಒಬ್ಬ ಬಿಳಿ ಹುಡುಗ ಕಣ್ಣಾರೆ ನೋಡಿದ್ದ. ಕೆಲವು ದಿನ ಬಿಟ್ಟು ಅವನೂ ಇನ್ನೊಬ್ಬರೂ ಸೇರಿ ಮಣ್ಣು ಮಾಡಿದರು. ಈ ಸಂಗತಿ ಹೊರಗೆ ಬಂದಿದ್ದೇ ಅವನು ಮುದುಕನಾದ ಮೇಲೆ ಬಾಯಿ ಬಿಟ್ಟಾಗ.

ಈಗ ಪೊರ್ವೆನೀರ್. ಸ್ಪ್ಯಾನಿಷ್‌ನಲ್ಲಿ ಪೊರ್ವೆನೀರ್ ಅಂದರೆ ಬರಲಿರುವ ಕಾಲ. ಪಶ್ಚಿಮ ಟೆಕ್ಸಸ್‌ನಲ್ಲಿ ನದಿ ದಡದ ಸಣ್ಣ ಊರು, ಸುಮಾರು 140 ಜನ. 1917ರ ಕ್ರಿಸ್‌ಮಸ್ ದಿನ ಬ್ರೈಟ್ ರಾಂಚ್ ಅನ್ನೋ ದನ ಸಾಕುವ ಜಮೀನಿನ ಮೇಲೆ ದಾಳಿಯಾಗಿತ್ತು. ಈ ಊರಿನವರ ಕೈವಾಡ ಇದೆ ಅಂತ ಸಂಶಯ. ಮೊದಲು ಒಮ್ಮೆ ಬಂದು ಮನೆ ಮನೆ ಜಾಲಾಡಿದರು, ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. 1918ರ ಜನವರಿ 28ರ ರಾತ್ರಿ ಬಿ ಕಂಪನಿ ರೇಂಜರ್‌ಗಳು ಮತ್ತೆ ಬಂದರು, ಜೊತೆಗೆ ಜಮೀನಿನ ಮಾಲೀಕರು ನಾಲ್ವರು, ಕುದುರೆ ಪಡೆಯ ಸೈನಿಕರೂ ಇದ್ದರು. 15 ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿ, ಸ್ವಲ್ಪ ದೂರ ನಡೆಸಿಕೊಂಡು ಹೋಗಿ ಗುಂಡು ಹೊಡೆದರು. ಉಳಿದವರು ನದಿ ದಾಟಿ ಓಡಿಹೋದರು. ಊರನ್ನು ನೆಲಸಮ ಮಾಡಿದರು. ಯಾರ ಮೇಲೂ ಕೇಸು ನಡೆಯಲಿಲ್ಲ.

ಡಲ್ಲಾಸ್ ಅಮ್ಮ

ಡಾಕ್ಟರಮ್ಮ, ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಸತ್ತವರ ಹೆಸರಾದರೂ ಗೊತ್ತಾ?

ವ್ಯಾಲಿಯ ಡಾಕ್ಟರಮ್ಮ

ಗೊತ್ತು. ಅದಕ್ಕೆ ಕಾರಣ ಹ್ಯಾರಿ ವಾರೆನ್ ಅನ್ನೋ ಶಾಲಾ ಮೇಷ್ಟ್ರು. ಬಿಳಿಯರು, ಆ ಊರಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಸತ್ತವರಲ್ಲಿ ಅವರ ಮಾವನೂ ಒಬ್ಬರು. ಬೆಳಿಗ್ಗೆ ಹೋಗಿ ಒಬ್ಬೊಬ್ಬರ ಮುಖ ನೋಡಿ ಗುರುತು ಹಿಡಿದರು. ಅಪ್ಪ ಇಲ್ಲದಂತಾದ ಮಕ್ಕಳ ಪಟ್ಟಿಯನ್ನೂ ಬರೆದಿಟ್ಟರು. ಆ ಕಾಗದ ಇಲ್ಲದೇ ಹೋಗಿದ್ದರೆ ಇವತ್ತು ನಾವು ಮಾತಾಡಲು ಏನೂ ಇರುತ್ತಿರಲಿಲ್ಲ.

ಬಯಲುಸೀಮೆಯವ

ಇದು ನನಗೆ ಗೊತ್ತಿರಲಿಲ್ಲ. ಮನಸ್ಸಿಗೆ ಬಹಳ ಸಂಕಟವಾಯಿತು. ಆದರೂ ಕೇಳುತ್ತೇನೆ. ಆಗ ಯುದ್ಧದ ಕಾಲ, ಎಲ್ಲ ಕಡೆ ಭಯ. ಆ ಕಾಲದವರಿಗೆ ಅದು ತಪ್ಪು ಅಂತ ಅನ್ನಿಸಿರಲಿಕ್ಕಿಲ್ಲವೇನೋ?

ಓದುಗ ಮೇಷ್ಟ್ರು

ಇಲ್ಲಪ್ಪಾ, ನನ್ನ ತಕರಾರು ಇರುವುದು ಇಲ್ಲೇ. ಇವತ್ತಿನ ಕಣ್ಣು ಅಂತ ಪದೇ ಪದೇ ಹೇಳುತ್ತೇವೆ. ಆದರೆ ಆ ಕಾಲದ ಕಣ್ಣುಗಳೇ ನೋಡಿ ತಪ್ಪು ಅಂದಿದ್ದವು. ವಾರೆನ್ ಮೇಷ್ಟ್ರು ಅಂದರು. ಗವರ್ನರ್ ವಿಲಿಯಂ ಹಾಬಿ ಅದೇ ವರ್ಷ ಬಿ ಕಂಪನಿಯನ್ನು ಬರಖಾಸ್ತು ಮಾಡಿ ಐವರನ್ನು ಕೆಲಸದಿಂದ ತೆಗೆದರು. ಅದರ ಕ್ಯಾಪ್ಟನ್ ಮನ್ರೋ ಫಾಕ್ಸ್ ರಾಜೀನಾಮೆ ಕೊಟ್ಟ. ಇದೇ ಫಾಕ್ಸ್ 1915ರಲ್ಲಿ ಸತ್ತ ಮೆಕ್ಸಿಕನ್ನರ ಹೆಣಗಳಿಗೆ ಹಗ್ಗ ಬಿಗಿದು, ಕುದುರೆ ಮೇಲೆ ಕೂತು ಫೋಟೋ ತೆಗೆಸಿಕೊಂಡಿದ್ದ. ಆ ಫೋಟೋ ಪೋಸ್ಟ್ ಕಾರ್ಡ್ ಆಗಿ ಮಾರಾಟವಾಯಿತು. ಮೂರು ವರ್ಷ ಮೊದಲೇ ಅವನನ್ನು ಕೇಳಿದ್ದರೆ ಪೊರ್ವೆನೀರ್ ಉಳಿಯುತ್ತಿತ್ತೇನೋ ಅಂತ ನನಗೆ ಅನ್ನಿಸುತ್ತದೆ.

ಇವರೆಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಹೊಸೆ ತೊಮಾಸ್ ಕನಾಲೆಸ್. ಬ್ರೌನ್ಸ್‌ವಿಲ್‌ನ ವಕೀಲರು, ಟೆಕ್ಸಸ್ ಶಾಸನಸಭೆಯ ಸದಸ್ಯರು. 1919ರ ಜನವರಿಯಲ್ಲಿ ರೇಂಜರ್ ಪಡೆ ಮೇಲೆ 19 ಆರೋಪ ಹೊರಿಸಿ ವಿಚಾರಣೆ ಮಾಡಿಸಿದರು. ಇವರು ಪಡೆಯನ್ನೇ ಮುಚ್ಚಿ ಅನ್ನಲಿಲ್ಲ, ಗಮನಿಸಿ. ಕಡಿಮೆ ಜನರನ್ನು ಇಡಿ, ಒಳ್ಳೆಯ ಸಂಬಳ ಕೊಡಿ, ತಪ್ಪು ಮಾಡಿದರೆ ಜಾಮೀನು ಹಣ ಮುಟ್ಟುಗೋಲು ಹಾಕಿ ಅಂದರು. ಒಬ್ಬ ರೇಂಜರ್ ಅವರನ್ನು ಬೀದಿಯಲ್ಲೇ ತಡೆದು ಬೆದರಿಸಿದ. ಎದುರಿನ ವಕೀಲರು ಅವರ ಮೆಕ್ಸಿಕನ್ ರಕ್ತದ ಬಗ್ಗೆಯೇ ಪ್ರಶ್ನೆ ಎತ್ತಿದರು. ಸಾಕ್ಷಿಗಳು ಸುಮಾರು ಎಂಬತ್ತು ಜನ. ಹೇಳಿಕೆಗಳು 1,600 ಪುಟದಷ್ಟಾದವು.

ಫಲ? ಪಡೆಯನ್ನು ಕಿರಿದು ಮಾಡಿದರು, ದೂರು ಕೊಡಲು ಒಂದು ದಾರಿ ಮಾಡಿದರು. ಆದರೆ ಆ 1,600 ಪುಟಗಳನ್ನು ಅಚ್ಚು ಹಾಕಲಿಲ್ಲ. ದಶಕಗಟ್ಟಲೆ ಕಡತದಲ್ಲೇ ಉಳಿದವು. ಆ ಪುಟಗಳು ಮೂಲೆಯಲ್ಲಿ ಬಿದ್ದಿದ್ದ ಕಾಲದಲ್ಲೇ ಹೊರಗೆ ರೇಡಿಯೋ ನಾಟಕ, ಸಿನಿಮಾ, ಮಕ್ಕಳ ಆಟಿಕೆ ಎಲ್ಲದರಲ್ಲೂ ರೇಂಜರ್ ಅಂದರೆ ಶೂರ ಅಂತಾಯಿತು. ಇದು ತಿಳಿಯದೆ ಆಗಿದ್ದಲ್ಲ. ತಿಳಿದಿದ್ದನ್ನು ಎತ್ತಿಟ್ಟಿದ್ದು.

ಗೀಗೀ ಮೇಳ

ಸರ್ಕಾರ ಎತ್ತಿಟ್ಟರೂ ಜನ ಹಾಡಿದರು. ನಮ್ಮ ಕಡೆ ಹಲಗಲಿ ಬೇಡರ ಲಾವಣಿ ಇದೆಯಲ್ಲ, ಹಾಗೇ ಅವರಲ್ಲಿ ಕೊರಿಡೊ. ಗಿಟಾರ್ ಹಿಡಿದು ಹಾಡುವ ಲಾವಣಿ ಅಂದುಕೊಳ್ಳಿ. ಬಹಳ ಹೆಸರಾದದ್ದು ಗ್ರೆಗೋರಿಯೊ ಕೊರ್ತೆಸ್‌ನದು.

1901ರ ಜೂನ್. ಕಾರ್ನೆಸ್ ಕೌಂಟಿಯ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಕುದುರೆ ಕಳ್ಳನನ್ನು ಹುಡುಕುತ್ತಾ ಇವನ ಮನೆಗೆ ಬಂದ. ಜೊತೆಗೆ ಬಂದವನಿಗೆ ಸ್ಪ್ಯಾನಿಷ್ ಅರೆಬರೆ. ಗಂಡು ಕುದುರೆ ಬದಲಾಯಿಸಿಕೊಂಡೆಯಾ ಅಂತ ಕೇಳಿದ. ಇವನು ಇಲ್ಲ ಅಂದ, ಯಾಕೆಂದರೆ ಬದಲಾಯಿಸಿಕೊಂಡಿದ್ದು ಹೆಣ್ಣು ಕುದುರೆ. ಅವರ ಭಾಷೆಯಲ್ಲಿ ಕಬಾಯೊ ಬೇರೆ, ಯೆಗ್ವಾ ಬೇರೆ. ಸುಳ್ಳು ಹೇಳುತ್ತಿದ್ದಾನೆ ಅಂತ ಶೆರಿಫ್ ಪಿಸ್ತೂಲು ತೆಗೆದ. ಅಣ್ಣನಿಗೆ ಗುಂಡು ಬಿತ್ತು. ಇವನು ತಿರುಗಿ ಹೊಡೆದ, ಶೆರಿಫ್ ಸತ್ತ. ಹತ್ತು ದಿನ, ನೂರಾರು ಮೈಲಿ ಓಡಿದ. ನೂರಾರು ಜನ ಹಿಂದೆ ಬಿದ್ದರು. ಕೊನೆಗೆ ಹಿಡಿದಿದ್ದು ಒಬ್ಬ ರೇಂಜರ್ ಕ್ಯಾಪ್ಟನ್, ಜಾನ್ ರೋಜರ್ಸ್. ಜೀವಂತ ಹಿಡಿದು ಜೈಲಿಗೆ ಸೇರಿಸಿದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 1913ರಲ್ಲಿ ಗವರ್ನರ್ ಕ್ಷಮೆ ಕೊಟ್ಟರು.

ಒಂದು ಪದ ತಪ್ಪಿದ್ದಕ್ಕೆ ಇಷ್ಟೆಲ್ಲ. ಭಾಷೆ ಬಾರದವರನ್ನು ಗಡಿ ಕಾಯಲು ಕಳಿಸಬಾರದು ಅಂತ ನನಗೆ ಈ ಹಾಡು ಕೇಳಿದಾಗಲೆಲ್ಲ ಅನ್ನಿಸುತ್ತದೆ.

ರೌಂಡ್‌ರಾಕ್ ರಂಗಣ್ಣ

ಮೇಷ್ಟ್ರು ಹೇಳಿದ ಆ ಬೆದರಿಸಿದ ರೇಂಜರ್ ಯಾರು ಅಂತಲೂ ಹೇಳಬೇಕು. ಫ್ರಾಂಕ್ ಹೇಮರ್. 1934ರಲ್ಲಿ ಬಾನಿ ಮತ್ತು ಕ್ಲೈಡ್ ಅನ್ನೋ ದರೋಡೆಕೋರ ಜೋಡಿಯನ್ನು ಬೇಟೆಯಾಡಿದವನು.

ಇದೇ ಹೇಮರ್ 1930ರ ಮೇನಲ್ಲಿ ಶರ್ಮನ್ ಊರಿನಲ್ಲಿದ್ದ. ಡಲ್ಲಾಸ್‌ನಿಂದ ಒಂದು ಗಂಟೆ ದಾರಿ, ಅಕ್ಕಾ. ಜಾರ್ಜ್ ಹ್ಯೂಸ್ ಅನ್ನೋ ಕಪ್ಪು ಕೂಲಿಯವನ ವಿಚಾರಣೆ ನಡೆಯುತ್ತಿತ್ತು. ಅವನನ್ನು ನಮಗೆ ಕೊಡಿ ಅಂತ ಸಾವಿರಾರು ಜನ ಕೋರ್ಟಿಗೆ ಮುತ್ತಿಗೆ ಹಾಕಿದರು. ಹೇಮರ್ ಮತ್ತು ಬೆರಳೆಣಿಕೆಯ ರೇಂಜರ್‌ಗಳು ಮೆಟ್ಟಿಲ ಮೇಲೆ ನಿಂತು ತಡೆದರು. ಅವನು ಬಿಳಿಯರ ಗುಂಪಿನ ಮೇಲೇ ಗುಂಡು ಹಾರಿಸಿದ. ಕೊನೆಗೆ ಜನ ಕೋರ್ಟ್ ಕಟ್ಟಡಕ್ಕೇ ಬೆಂಕಿ ಇಟ್ಟರು. ಕೈದಿ ಒಳಗಿನ ಭದ್ರಕೋಣೆಯಲ್ಲೇ ಸತ್ತ. ರೇಂಜರ್‌ಗಳು ಹೊರಬಿದ್ದರು. ಆ ರಾತ್ರಿ ಕಪ್ಪು ಜನರ ಅಂಗಡಿ ಬೀದಿಯೂ ಸುಟ್ಟಿತು.

ಒಬ್ಬ ಮನುಷ್ಯ ಒಂದು ಕಡೆ ಶಾಸಕರನ್ನು ಬೆದರಿಸುತ್ತಾನೆ, ಇನ್ನೊಂದು ಕಡೆ ಒಬ್ಬ ಕಪ್ಪು ಕೈದಿಗಾಗಿ ಸಾವಿರ ಜನರ ಎದುರು ನಿಲ್ಲುತ್ತಾನೆ. ನನಗೆ ಇವನನ್ನು ಯಾವ ಸಾಲಿಗೆ ಸೇರಿಸಬೇಕು ಅಂತ ಇವತ್ತಿಗೂ ತಿಳಿಯುವುದಿಲ್ಲ.

ನಿವೃತ್ತ ಪಿಎಸ್‌ಐ

ಯಾರ ಆದೇಶ ಇತ್ತು ಅಂತ ನೋಡಿ. ಶರ್ಮನ್‌ನಲ್ಲಿ ಕೈದಿಯನ್ನು ಕಾಪಾಡು ಅಂತ ಆದೇಶ. ನಿಂತ. 1956ರಲ್ಲಿ ಮ್ಯಾನ್ಸ್‌ಫೀಲ್ಡ್‌ನಲ್ಲಿ ಆದೇಶವೇ ಉಲ್ಟಾ.

ಡಲ್ಲಾಸ್ ಅಮ್ಮ

ಮ್ಯಾನ್ಸ್‌ಫೀಲ್ಡ್? ನನ್ನ ನಾದಿನಿ ಮನೆ ಅಲ್ಲೇ ಇದೆ. ಏನಾಗಿತ್ತು ಸರ್?

ನಿವೃತ್ತ ಪಿಎಸ್‌ಐ

ಅಮ್ಮಾ, ಅಲ್ಲಿನ ಹೈಸ್ಕೂಲಿಗೆ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಿ ಅಂತ ಕೇಂದ್ರ ಕೋರ್ಟ್ ಆದೇಶ ಕೊಟ್ಟಿತ್ತು. ಆ ಮಕ್ಕಳು ಅಲ್ಲಿಯ ತನಕ ಬಸ್ ಹತ್ತಿ ಫೋರ್ಟ್‌ವರ್ತ್‌ಗೆ ಹೋಗಿ ಓದಬೇಕಿತ್ತು. ಶಾಲೆ ಮುಂದೆ ಬಿಳಿಯರು ಜಮಾಯಿಸಿದರು. ಗವರ್ನರ್ ಶೈವರ್ಸ್ ರೇಂಜರ್‌ಗಳನ್ನು ಕಳಿಸಿದ್ದು ಮಕ್ಕಳನ್ನು ಒಳಗೆ ಬಿಡಿಸಲು ಅಲ್ಲ, ಅವರು ಬಾರದಂತೆ ನೋಡಿಕೊಳ್ಳಲು. ಒಂದು ಫೋಟೋ ಇದೆ, ಹುಡುಕಿ ನೋಡಿ. ರೇಂಜರ್ ಜೇ ಬ್ಯಾಂಕ್ಸ್ ಮರಕ್ಕೆ ಒರಗಿ ಆರಾಮಾಗಿ ನಿಂತಿದ್ದಾನೆ. ಹಿಂದೆ ಶಾಲೆ ಬಾಗಿಲ ಮೇಲೆ ಕಪ್ಪು ಬಟ್ಟೆಯ ಗೊಂಬೆ ನೇಣಿನಲ್ಲಿ ತೂಗುತ್ತಿದೆ. ಅವನು ಅದನ್ನು ಇಳಿಸಲಿಲ್ಲ. ನನ್ನ ಸರ್ವೀಸಿನಲ್ಲಿ ಹೆಣ ಎಷ್ಟೋ ನೋಡಿದ್ದೇನೆ, ಆದರೆ ಆ ಒರಗಿ ನಿಂತ ಭಂಗಿ ನನಗೆ ಮರೆಯಲು ಆಗುತ್ತಿಲ್ಲ. ಆ ಶಾಲೆಗೆ ಕಪ್ಪು ಮಕ್ಕಳು ಸೇರಿದ್ದು 1965ರಲ್ಲಿ.

ರೌಂಡ್‌ರಾಕ್ ರಂಗಣ್ಣ

ಡಲ್ಲಾಸ್ ಲವ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿ ಹನ್ನೆರಡು ಅಡಿಯ ಕಂಚಿನ ರೇಂಜರ್ ಪ್ರತಿಮೆ ಇತ್ತಲ್ಲ, ಅದಕ್ಕೆ ಮಾದರಿಯಾಗಿ ನಿಂತವನು ಇದೇ ಬ್ಯಾಂಕ್ಸ್. ಪೀಠದ ಮೇಲೆ "ಒಂದು ಗಲಭೆ, ಒಬ್ಬ ರೇಂಜರ್" ಅಂತ ಬರೆದಿತ್ತು. 2020ರ ಜೂನ್‌ನಲ್ಲಿ ತೆಗೆದರು. ನಾವು ಎಷ್ಟು ಸಲ ಅದರ ಕೆಳಗೆ ಸೂಟ್‌ಕೇಸ್ ಇಟ್ಟುಕೊಂಡು ಫೋಟೋ ತೆಗೆಸಿಕೊಂಡಿದ್ದೇವೆ.

ಬಯಲುಸೀಮೆಯವ

ನಾನು ಸೋತೆ ಅಂತ ಹೇಳುತ್ತಿಲ್ಲ, ಆದರೆ ಮೊದಲು ಬರೆದ ಒಂದು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇವತ್ತಿನ ಕಣ್ಣು ಅನ್ನೋದು. ಮೇಷ್ಟ್ರು ಹೇಳಿದ್ದು ಸರಿ.

ಪಡೆ ಬದಲಾಯಿತು ಅನ್ನೋದೂ ಸೇರಿಸಿ. 1935ರಲ್ಲಿ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಗೆ ಸೇರಿಸಿದರು. ಆದರೂ 1967ರಲ್ಲಿ ಸ್ಟಾರ್ ಕೌಂಟಿಯಲ್ಲಿ ಕರಬೂಜ ಕೊಯ್ಯುವ ಕೂಲಿಗಳು ಮುಷ್ಕರ ಮಾಡಿದಾಗ ಅವರನ್ನು ಹೊಡೆದರು. ಅದು ಸುಪ್ರೀಂ ಕೋರ್ಟ್ ತನಕ ಹೋಗಿ 1974ರಲ್ಲಿ ತೀರ್ಪು ಕೂಲಿಗಳ ಕಡೆ ಬಂತು. 1988ರಲ್ಲಿ ಕಪ್ಪು ಜನಾಂಗದ ಅಧಿಕಾರಿ ಬಂದರು, 1993ರಲ್ಲಿ ಹೆಂಗಸರು ಬಂದರು. ಈಗ ಅವರು ಮಾಡೋದು ದೊಡ್ಡ ಕೊಲೆ ಕೇಸು, ಭ್ರಷ್ಟಾಚಾರದ ಕೇಸುಗಳ ತನಿಖೆ. ಇವತ್ತು ಆ ಬ್ಯಾಡ್ಜ್ ಹಾಕಿರುವ ಹುಡುಗ ಪೊರ್ವೆನೀರ್‌ಗೆ ಹೊಣೆ ಅಲ್ಲ. ಆದರೆ ಗೊತ್ತಿರಬೇಕು, ಅದನ್ನು ಒಪ್ಪುತ್ತೇನೆ.

ಡಲ್ಲಾಸ್ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಮಗಳಿಗೆ ಇದೆಲ್ಲ ಓದಿ ಹೇಳಿದೆ. ಮಕ್ಕಳಿಗೆ ಎಷ್ಟು ಹೇಳಬೇಕು ಅಂತ ಹಿಂಜರಿಕೆ ಇತ್ತು. ಅವಳು ಒಂದೇ ಕೇಳಿದಳು, ಆ ಹದಿನೈದು ಜನರ ಹೆಸರು ಬರೆಯಲು ಚಾರ್ಟಿನಲ್ಲಿ ಜಾಗ ಸಾಲುತ್ತಾ ಅಂತ. ರಿವಾಲ್ವರ್ ಚಿತ್ರ ಎಡಗಡೆ, ಹಾರ್ಡಿನ್‌ನನ್ನು ರೈಲಿನಲ್ಲಿ ಹಿಡಿದಿದ್ದು ಅದರ ಕೆಳಗೆ, ವಾರೆನ್ ಮೇಷ್ಟ್ರ ಪಟ್ಟಿ ಬಲಗಡೆ. ಗೆಳತಿಯ ಅಜ್ಜಿ ಹತ್ತಿರ ಹೆಸರುಗಳನ್ನು ಹೇಗೆ ಉಚ್ಚರಿಸಬೇಕು ಅಂತ ಫೋನ್ ಮಾಡಿ ಕೇಳಿಕೊಂಡಳು. ಅಜ್ಜಿ ಒಂದೊಂದನ್ನೂ ಎರಡೆರಡು ಸಲ ಹೇಳಿಕೊಟ್ಟರಂತೆ.

2018ರಲ್ಲಿ ರಾಜ್ಯದವರೇ ಪೊರ್ವೆನೀರ್ ಬಗ್ಗೆ ಒಂದು ಸ್ಮಾರಕ ಫಲಕ ಹಾಕಿದ್ದಾರಂತೆ, ಮಾರ್ಫಾ ಕಡೆ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹೋಗೋಣ ಅಂತ ಹಟ ಹಿಡಿದಿದ್ದಾಳೆ. ಎಂಟು ಗಂಟೆ ದಾರಿ. ಆ ಕಡೆ ಡ್ರೈವ್ ಮಾಡಿದವರು ಯಾರಾದರೂ ಇದ್ದೀರಾ?

ವ್ಯಾಲಿಯ ಡಾಕ್ಟರಮ್ಮ

ನಾನು ಹೋಗಿದ್ದೇನೆ. ಫೋರ್ಟ್ ಸ್ಟಾಕ್ಟನ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಅಲ್ಲಿಂದ ಆಲ್ಪೈನ್ ಮೇಲೆ ಮಾರ್ಫಾ. ಮುಂದೆ ಬಂಕ್ ಕಮ್ಮಿ, ಫೋನ್ ಸಿಗ್ನಲ್ಲೂ ಸಿಗೋದ್ ಕಷ್ಟ. ಸಂಜೆ ಬಹಳ ಚಳಿ ಇರುತ್ತದೆ, ಮಗುವಿಗೆ ಸ್ವೆಟರ್ ಇಟ್ಟುಕೊಳ್ಳಿ. ಚಿತ್ರಾನ್ನನೋ ಮೊಸರನ್ನನೋ ಕಟ್ಟಿಕೊಂಡು ಹೋಗಿ, ದಾರಿಯಲ್ಲಿ ನಮ್ಮ ಊಟ ಎಲ್ಲೂ ಸಿಗೋದಿಲ್ಲ.